ಇಬ್ಬರು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಕೊಡಗಿನ ಹಾಡಿಗೆ ಸೇವೆಗೆ ಬರಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮೈಸೂರಿನವಳು, ಫಿಸಿಯೋಥೆರಪಿಸ್ಟ್. ಮದುವೆಯಾದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇವೆ. ನಮ್ಮವರು ಅಲ್ಲಿಯವರೇ, ಮರಗೆಲಸ ಕಲಿತವರು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ನನಗೂ ಮಕ್ಕಳಿಗೂ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಗುರುತುಪತ್ರ) ಇದೆ, ನಮ್ಮವರಿಗೆ ಇಲ್ಲ. ಮುಂದಿನ ಬೇಸಿಗೆ ರಜೆಗೆ ಹತ್ತು ವಾರ ಕೊಡಗಿಗೆ ಬಂದು ಹಾಡಿಯ, ಅಂದರೆ ಆದಿವಾಸಿಗಳ ಕೇರಿಯ, ಮಕ್ಕಳಿಗೆ ಪಾಠ ಹೇಳಬೇಕು, ಏನಾದರೂ ಸೇವೆ ಮಾಡಬೇಕು ಅಂತ ಆಸೆ. ಇಲ್ಲಿನ ಒಂದು ಏಜೆನ್ಸಿ ತಲೆಗೆ ಇಷ್ಟು ಅಂತ ಶುಲ್ಕ ತೆಗೆದುಕೊಂಡು ಒಂದು ಮಕ್ಕಳ ಆಶ್ರಮದಲ್ಲಿ ವ್ಯವಸ್ಥೆ ಮಾಡಿಕೊಡುತ್ತೇವೆ ಎನ್ನುತ್ತಿದೆ. ನಮ್ಮ ಮಕ್ಕಳಿಗೂ ತಾವೆಷ್ಟು ಅದೃಷ್ಟವಂತರು ಅಂತ ಗೊತ್ತಾಗಲಿ ಎಂಬುದೂ ಮನಸ್ಸಿನಲ್ಲಿದೆ. ಇಷ್ಟು ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರುವುದು ಸರಿಯೇ? ಆರೋಗ್ಯ, ವೀಸಾ, ಊಟ, ವಾಸ ಎಲ್ಲದರ ಬಗ್ಗೆ ತಿಳಿಸಿ. ಬರುವಾಗ ಏನು ತರಬೇಕು ಅನ್ನುವುದನ್ನೂ ಹೇಳಿ.

ಉತ್ತರ: ಮೊದಲು ಆ ಏಜೆನ್ಸಿಯ ವಿಷಯ ಮುಗಿಸಿಬಿಡೋಣ. ಬೇಡ.

ಹಣ ಕಟ್ಟಿಸಿಕೊಂಡು, ಬಂದವರನ್ನು ಆಶ್ರಮದ ಮಕ್ಕಳ ಜೊತೆ ಆಡಲು ಬಿಡುವ ವ್ಯವಸ್ಥೆ ಎಷ್ಟೇ ನಗುಮುಖದ್ದಾದರೂ ಅದರ ಹತ್ತಿರ ಸುಳಿಯಬೇಡಿ. ನೇಪಾಳ, ಕಾಂಬೋಡಿಯಾಗಳಲ್ಲಿ ಅಪ್ಪ ಅಮ್ಮ ಇರುವ ಮಕ್ಕಳನ್ನೇ ಹಳ್ಳಿಗಳಿಂದ ತಂದು, ಅನಾಥರೆಂದು ಹೇಳಿ ಪ್ರವಾಸಿಗರಿಗೆ ತೋರಿಸಿ ದುಡ್ಡು ಮಾಡಿದ್ದು ಈಗ ಗುಟ್ಟಾಗಿ ಉಳಿದಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಸಂಸದೀಯ ಸಮಿತಿ ಇದನ್ನು ಆಧುನಿಕ ಗುಲಾಮಗಿರಿಯ ವಿಚಾರಣೆಯೊಳಗೇ ಸೇರಿಸಿಕೊಂಡಿತು. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಮನೆಗಳು ನೋಂದಣಿ ಮಾಡಿಸಿರಬೇಕು, ಮಗು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೂಲಕವೇ ಅಲ್ಲಿಗೆ ಬಂದಿರಬೇಕು, ಆ ಮಗುವಿನ ಗುರುತು ಬಯಲಾಗುವ ಹಾಗೆ ಫೋಟೋ, ಹೆಸರು ಎಲ್ಲೂ ಹಾಕುವಂತಿಲ್ಲ. ಶುಲ್ಕ ಕಟ್ಟಿದ ಅಪರಿಚಿತರನ್ನು ಒಳಗೆ ಬಿಡುವವರು ಉಳಿದ ನಿಯಮಗಳನ್ನು ಎಷ್ಟು ಪಾಲಿಸುತ್ತಾರೆ, ನೀವೇ ಯೋಚಿಸಿ. ಕೊಡಗಿನಲ್ಲಿ ಹಾಸ್ಟೆಲ್‌, ಆಶ್ರಮಗಳಲ್ಲಿ ಬೆಳೆಯುವ ಬಹಳಷ್ಟು ಮಕ್ಕಳ ಅಪ್ಪ ಅಮ್ಮ ಯಾವುದೋ ಕಾಫಿ ತೋಟದ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆಯಲ್ಲಿ) ಇದ್ದಾರೆ. ಆ ಮಕ್ಕಳಿಗೆ ಬೇಕಾದದ್ದು ಹೊಸ ಅಕ್ಕ, ಹೊಸ ಅಂಕಲ್ ಅಲ್ಲ.

ಇನ್ನೊಂದು ಮಾತು. ಇಂಥ ಕಡೆ ಹೋದವರು ಬಂದು ಹೇಳುತ್ತಾರೆ: 'ಹೋದ ಐದೇ ನಿಮಿಷಕ್ಕೆ ಮಗು ಬಂದು ತೊಡೆ ಏರಿತು, ಎಷ್ಟು ಪ್ರೀತಿ!' ನಾಲ್ಕು ವರ್ಷದ ನಿಮ್ಮ ಮಗ ಗುರುತಿಲ್ಲದವರ ತೊಡೆಯನ್ನು ಐದು ನಿಮಿಷಕ್ಕೆ ಏರುತ್ತಾನೆಯೇ? ಏರುವುದಿಲ್ಲ, ನಿಮ್ಮ ಸೆರಗಿನ ಹಿಂದೆ ನಿಲ್ಲುತ್ತಾನೆ. ಹಾಗೆ ನಿಲ್ಲುವುದೇ ಆರೋಗ್ಯವಂತ ಮಗುವಿನ ಲಕ್ಷಣ. ಯಾರು ಬಂದರೂ ತೊಡೆ ಏರುವ ಮಗು, ತನ್ನವರು ಅಂತ ಯಾರೂ ನಿಲ್ಲಲಿಲ್ಲ ಎನ್ನುವುದನ್ನು ತೋರಿಸುತ್ತಿರುತ್ತದೆ. ಹತ್ತು ವಾರ ನೀವು ಅದನ್ನು ಎತ್ತಿ ಆಡಿಸಿ ಹೊರಟರೆ ಹೊರಟುಹೋದವರ ಪಟ್ಟಿಗೆ ನಾಲ್ಕು ಹೆಸರು ಸೇರುತ್ತವೆ, ಅಷ್ಟೆ.

ಅದೃಷ್ಟದ ಮಾತಿಗೂ ಇಲ್ಲೇ ಉತ್ತರ ಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಕ್ಕಳಿಗೆ ಬಡತನ ತೋರಿಸಲಿಕ್ಕೆ ಅಂತ ಬರುವುದಾದರೆ ಬರುವುದೇ ಬೇಡ. ಹಾಡಿಯ ಮಗು ನಿಮ್ಮ ಮಗಳ ಪಾಠದ ಸಾಮಗ್ರಿ ಅಲ್ಲ. ಅದು ಅವರಿಗೂ ತಿಳಿಯುತ್ತದೆ, ಬಹಳ ಬೇಗ ತಿಳಿಯುತ್ತದೆ. ಆ ಉದ್ದೇಶ ಬಿಟ್ಟರೆ ನಿಮ್ಮ ಮಗಳಿಗೆ ಅಲ್ಲಿ ಕಾಣುವುದೇ ಬೇರೆ: ಮನೆಯಲ್ಲಿ ಯರವ ಭಾಷೆ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ ಆಡುವ ತನ್ನದೇ ವಯಸ್ಸಿನ ಹುಡುಗಿ. ನಿಮ್ಮ ಮಗಳೂ ಮನೆಗೊಂದು ಶಾಲೆಗೊಂದು ಭಾಷೆಯವಳೇ ಅಲ್ಲವೇ? ಅವರಿಬ್ಬರಿಗೆ ಸರಿಹೋಗುತ್ತದೆ, ನಾವು ನೀವು ನಡುವೆ ಬಾಯಿ ಹಾಕದಿದ್ದರೆ.

ಈಗ ಪಾಠ ಹೇಳುವ ಆಸೆ. ಅಂಗನವಾಡಿ ಮಕ್ಕಳ ನಡುವೆಯೇ ನನ್ನ ಕೆಲಸದ ವರ್ಷಗಳೆಲ್ಲ ಕಳೆದದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಿತಿಮತಿ ಕಡೆಯ ಒಂದು ಹಾಡಿಯ ಅಂಗನವಾಡಿಯಲ್ಲಿ, ಬಿಳಿಯರು ಯಾರಾದರೂ ಬಾಗಿಲಲ್ಲಿ ಕಂಡರೆ ಸಾಕು, ಅವರು ಬಾಯಿ ಬಿಡುವ ಮೊದಲೇ ಮಕ್ಕಳೆಲ್ಲ ಎದ್ದು ನಿಂತು ತಲೆ, ಭುಜ, ಮೊಣಕಾಲು ಮುಟ್ಟಿಕೊಳ್ಳಲು ಶುರು ಮಾಡುತ್ತಿದ್ದವು. ಬಂದ ತಂಡಗಳೆಲ್ಲ ಅದೇ ಇಂಗ್ಲಿಷ್ ಹಾಡು ಕಲಿಸಿ ಹೋಗಿದ್ದವು. ಮಕ್ಕಳು ಅದನ್ನು ಹಾಡೆಂದು ಕಲಿತಿರಲಿಲ್ಲ, ಇಂಥವರು ಬಂದಾಗ ಮಾಡಬೇಕಾದ ಕೆಲಸ ಎಂದು ಕಲಿತಿದ್ದವು. ಅದೇ ಅಂಗನವಾಡಿಯ ಸಹಾಯಕಿ ಬೆಳಗ್ಗೆ ಮನೆ ಮನೆ ಬಾಗಿಲಿಗೆ ಹೋಗಿ, ಒಂದನ್ನು ಕಂಕುಳಲ್ಲಿ ಎತ್ತಿ, ಎರಡನ್ನು ಕೈಹಿಡಿದು ಕರೆತರುವವಳು. ಕಾರ್ಯಕರ್ತೆ ಕನ್ನಡದಲ್ಲಿ 'ಕೈ ತೊಳಕೊಂಡು ಬನ್ನಿ' ಅಂದರೆ ಎರಡು ಮಕ್ಕಳು ಏಳುತ್ತಿದ್ದವು. ಸಹಾಯಕಿ ಅದನ್ನೇ ಅವರ ಮಾತಿನಲ್ಲಿ, ಒಲೆಯ ಮುಂದೆ ಕುಳಿತಲ್ಲಿಂದಲೇ ಒಮ್ಮೆ ಅಂದರೆ ಎಲ್ಲವೂ ನಲ್ಲಿಯ ಹತ್ತಿರ. ಆ ಕೋಣೆಯ ನಿಜವಾದ ಟೀಚರ್ ಯಾರೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಭಾಷೆಯೇ ಇಲ್ಲಿ ದೊಡ್ಡ ಕಷ್ಟ. ಜೇನುಕುರುಬರು, ಬೆಟ್ಟಕುರುಬರು, ಯರವರು, ಕುಡಿಯರು, ಎಲ್ಲರ ಮನೆಮಾತೂ ಬೇರೆ ಬೇರೆ. ಲೈನ್ ಮನೆಗಳಿಗೆ ಬಂದರೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಕನ್ನಡವೇ ಈ ಮಕ್ಕಳಿಗೆ ಎರಡನೆಯದೋ ಮೂರನೆಯದೋ ಭಾಷೆಯಾಗಿರುವಾಗ, ಇಂಗ್ಲಿಷ್‌ನಲ್ಲಿ ಬಣ್ಣಗಳ ಹೆಸರು ಕಲಿಸುವುದರಿಂದ ಏನಾದೀತು? ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಗೆ ನಲಿಕಲಿ ಇದೆ. ತೊಂಬತ್ತರ ದಶಕದಲ್ಲಿ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ಅದು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಏರುತ್ತಾ ಹೋಗುತ್ತದೆ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಶಿಕ್ಷಕಿಗೆ ಗೊತ್ತಿರುತ್ತದೆ. ನೀವು ಮಧ್ಯದಲ್ಲಿ ಬಂದು ಮೂರು ವಾರ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಬೇರೇನೋ ಕಲಿಸಿದರೆ, ನೀವು ಹೋದ ಮೇಲೆ ಆ ದಾರ ಮತ್ತೆ ಹುಡುಕುವ ಕೆಲಸ ಅವರದು.

ಹಾಡಿಯವರಿಗೆ ಹೊರಗಿನವರ ಬಗ್ಗೆ ಇರುವ ಹಿಂಜರಿಕೆಗೂ ಕಾರಣವಿದೆ. 2016ರ ಡಿಸೆಂಬರಿನಲ್ಲಿ ಸಿದ್ದಾಪುರ ಸಮೀಪದ ದಿಡ್ಡಳ್ಳಿಯಲ್ಲಿ ನೂರಾರು ಕುಟುಂಬಗಳ ಗುಡಿಸಲು ಕಿತ್ತುಹಾಕಿದರು. ಆಮೇಲೆ ಬಂದ ಕ್ಯಾಮೆರಾಗಳು, ಭಾಷಣಗಳು, ಸಂಘಟನೆಗಳಿಗೆ ಲೆಕ್ಕವಿಲ್ಲ. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದ ಕಡೆ ಅವರಿಗೆ ಜಾಗ ಕೊಟ್ಟಾಯಿತು, ಕ್ಯಾಮೆರಾಗಳೂ ಹೋದವು. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಭೂಮಿಯ ಪ್ರಶ್ನೆ ಇವತ್ತಿಗೂ ಬಿಸಿ ಇದೆ. ಕಾಡಿನೊಳಗಿನ ಹಾಡಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ನಿಮ್ಮವರಂತೂ ವಿದೇಶಿ ಪಾಸ್‌ಪೋರ್ಟಿನವರು, ಅಂಥ ಕಡೆ ಅವರನ್ನು ಕರೆದೊಯ್ಯುವುದು ಅವರಿಗೂ ಒಳ್ಳೆಯದಲ್ಲ, ಹಾಡಿಯವರಿಗೂ ಒಳ್ಳೆಯದಲ್ಲ.

ಹಾಗಾದರೆ ಏನು ಮಾಡಬಹುದು? ಪಾಠ ಬಿಡಿ. ನಿಮಗೆ ಬರುವ ಕೆಲಸ ಮಾಡಿ. ನೀವು ಫಿಸಿಯೋಥೆರಪಿಸ್ಟ್ ಎಂಬುದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆದು ಅಲ್ಲೇ ಮರೆತಿದ್ದೀರಿ. ನನ್ನ ಕಣ್ಣು ನಿಂತದ್ದೇ ಅಲ್ಲಿ.

ಪ್ರತಿ ತಾಲ್ಲೂಕಿನಲ್ಲಿ ಶಾಲೆಗೆ ಬರಲಾಗದಷ್ಟು ಅಂಗವೈಕಲ್ಯ ಇರುವ ಮಕ್ಕಳಿದ್ದಾರೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಅವರಿಗೆ ಗೃಹಾಧಾರಿತ ಶಿಕ್ಷಣ ಅಂತ ಇದೆ. ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಇರುವ ವಿಶೇಷ ಸಂಪನ್ಮೂಲ ಶಿಕ್ಷಕರು ಮನೆಗೆ ಹೋಗಿ ನೋಡಿ ಬರುತ್ತಾರೆ. ಕೊಡಗಿನಲ್ಲಿ ಮನೆಗೆ ಹೋಗುವುದು ಎಂದರೆ ಏನೆಂದು ನಿಮಗೆ ಗೊತ್ತು: ಬಸ್ಸಿಳಿದು, ತೋಟದ ಗೇಟು ದಾಟಿ, ಎರಡು ಮೂರು ಕಿಲೋಮೀಟರ್ ಮಣ್ಣುರಸ್ತೆ. ಮಗುವಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಸ್ವಾಧೀನ ತಪ್ಪುವ ಸ್ಥಿತಿ), ತಾಯಿ ಕಾಫಿ ಕುಯ್ಲಿಗೆ ಹೋಗಿದ್ದಾಳೆ, ಅಜ್ಜಿ ಮಗುವನ್ನು ಗೋಡೆಗೆ ಒರಗಿಸಿ ಕೂರಿಸಿದ್ದಾಳೆ, ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದಿವೆ. ಆ ಮಗುವನ್ನು ಎತ್ತುವುದು ಹೇಗೆ, ಊಟ ಮಾಡಿಸುವಾಗ ತಲೆ ಎಲ್ಲಿರಬೇಕು, ಸ್ನಾನ ಮಾಡಿಸುವಾಗಲೇ ಯಾವ ಎರಡು ವ್ಯಾಯಾಮ ಮಾಡಿಸಿಬಿಡಬಹುದು, ಮಲಗಿಸುವಾಗ ಮಂಡಿಗಳ ನಡುವೆ ಯಾವ ಬಟ್ಟೆ ಸುತ್ತಿ ಇಡಬೇಕು ಎನ್ನುವುದನ್ನು ಅಜ್ಜಿಯ ಕೈ ಹಿಡಿದು, ಕನ್ನಡದಲ್ಲಿ, ಆ ಮನೆಯ ಬೆಂಚು ಬಕೆಟ್ಟಿನಲ್ಲೇ ತೋರಿಸಿಕೊಡಬಲ್ಲವರು ಬೇಕು. ನೀವು ಹೋದ ಮೇಲೂ ಅಜ್ಜಿ ಅಲ್ಲೇ ಇರುತ್ತಾಳೆ.

ಆದರೆ ಸ್ವತಂತ್ರವಾಗಿ ಚಿಕಿತ್ಸೆಗೆ ಇಳಿಯಬೇಡಿ. ಸಂಪನ್ಮೂಲ ಶಿಕ್ಷಕರ ಜೊತೆ, ಸ್ಥಳೀಯ ವೈದ್ಯರಿಗೆ ತಿಳಿಸಿ, ಅವರ ಹಿಂದೆ ನಿಂತು ಕೆಲಸ ಮಾಡಿ. ಇಪ್ಪತ್ತು ಮನೆ ಸುತ್ತುವ ಆಸೆ ಬೇಡ, ನಾಲ್ಕೈದು ಮನೆ ಸಾಕು. ವಾರಕ್ಕೆ ಒಮ್ಮೆ ಅದೇ ಮನೆಗೆ, ಅದೇ ದಿನ. ಬರುತ್ತೇನೆ ಅಂದ ದಿನ ಬರಬೇಕು. ಆಮೇಲೆ ಜರ್ಮನಿಗೆ ಹೋದ ಮೇಲೂ ಆ ಶಿಕ್ಷಕರಿಗೆ ವಿಡಿಯೋ ಕರೆಯಲ್ಲಿ ಸಿಗುತ್ತಿರಿ. ಹತ್ತು ವಾರಕ್ಕಿಂತ ಆ ಕರೆಗಳೇ ಹೆಚ್ಚು ಬೆಲೆಯುಳ್ಳವು ಎಂದು ನನ್ನ ಲೆಕ್ಕ.

ನಿಮ್ಮವರ ಕೈಕೆಲಸಕ್ಕೆ ಇನ್ನೂ ಹೆಚ್ಚು ಬೇಡಿಕೆ ಇದೆ. ಶಾಲೆಗಳ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ ಎಂಬ ಒಂದೇ ಕಾರಣಕ್ಕೆ ಐದನೇ ತರಗತಿಯ ಹುಡುಗಿಯರು ಇಡೀ ದಿನ ನೀರು ಕುಡಿಯದೆ ಇರುತ್ತಾರೆ. ಚಿಲಕ, ಕೈಗೆಟಕುವ ಎತ್ತರದ ಪುಸ್ತಕದ ಕಪಾಟು, ಪುಟ್ಟ ಬೆಂಚು, ಮೇಲೆ ಹೇಳಿದಂಥ ಮಗುವಿಗೆ ಒರಗಿ ಕೂರಲು ಮೂಲೆ ಕುರ್ಚಿ. ಈ ಕುರ್ಚಿಯ ಅಳತೆ ನೀವು ಹೇಳಿ, ಅವರು ಮಾಡಲಿ. ಗಂಡ ಹೆಂಡತಿ ಸೇರಿ ಮಾಡುವಂಥ ಕೆಲಸ ಇದಕ್ಕಿಂತ ಒಳ್ಳೆಯದು ನನಗೆ ಹೊಳೆಯುತ್ತಿಲ್ಲ. ಮರ ಇಲ್ಲಿಯೇ ತೆಗೆದುಕೊಳ್ಳಿ. ತೋಟಗಳಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಸಾಮಿಲ್ಲುಗಳಲ್ಲಿ ಸಿಗುತ್ತದೆ, ಬೆಂಚಿಗೆ ಚೆನ್ನಾಗಿ ಒದಗುತ್ತದೆ. ಬೀಟೆ, ತೇಗದ ಗೋಜಿಗೆ ಹೋಗಬೇಡಿ, ಪರ್ಮಿಟ್ಟಿನ ತಲೆನೋವು. ಒಬ್ಬ ಸ್ಥಳೀಯ ಆಚಾರಿಯನ್ನು ದಿನಗೂಲಿ ಕೊಟ್ಟು ಜೊತೆಗೆ ಇಟ್ಟುಕೊಳ್ಳಲಿ. ಪುಕ್ಕಟೆ ಕೆಲಸ ಮಾಡಿ ಅವನ ಕೆಲಸ ಕಸಿದ ಹಾಗಾಗಬಾರದು, ಮುಂದೆ ಕಾಲು ಸಡಿಲವಾದಾಗ ರಿಪೇರಿ ಮಾಡುವವನೂ ಅವನೇ.

ಇನ್ನು ಯಾವಾಗ ಎಂಬ ಪ್ರಶ್ನೆ. ನಿಮ್ಮ ಯೋಜನೆಯ ದೊಡ್ಡ ತೊಡಕು ಇಲ್ಲಿದೆ. ಸ್ಟುಟ್‌ಗಾರ್ಟ್ ಕಡೆ ಶಾಲೆಯ ಬೇಸಿಗೆ ರಜೆ ಜುಲೈ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಮೊದಲ ಭಾಗದವರೆಗೆ, ಸುಮಾರು ಆರು ವಾರ. ಹತ್ತು ವಾರ ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ಅದು ಕೊಡಗಿನ ಕಡುಮಳೆಗಾಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಊರುಗಳೇ ಜಾರಿದವು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, ಎಲ್ಲವೂ ಆಗಸ್ಟಿನಲ್ಲೇ. ಪ್ರತಿ ವರ್ಷ ಹಾಗಾಗುತ್ತದೆ ಎಂದಲ್ಲ. ಆದರೆ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟು ಶಾಲೆ ಮುಚ್ಚಿರುತ್ತದೆ, ಕರೆಂಟು ನಾಲ್ಕು ದಿನ ಇರುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಜಿಗಣೆ ಅಂಗಳಕ್ಕೇ ಬರುತ್ತದೆ. ನಾಲ್ಕು ವರ್ಷದ ಮಗುವನ್ನು ಹೋಂಸ್ಟೇ ಕೋಣೆಯಲ್ಲಿ ಕೂಡಿಹಾಕಿ ನೀವು ಮಾಡುವ ಸೇವೆಯಾದರೂ ಏನು?

ಏಪ್ರಿಲ್, ಮೇನಲ್ಲಿ ಬರೋಣ ಎಂದರೆ ಇಲ್ಲಿ ಶಾಲೆಗೆ ರಜೆ. (ಮೇ ಕೊನೆಯಲ್ಲಿ ಇದ್ದರೆ ದೇವರಪುರದ ಕುಂಡೆ ಹಬ್ಬ ನೋಡಬಹುದು. ಹಾಡಿಯವರು ವೇಷ ಹಾಕಿ ದೇವರನ್ನೂ ದಾರಿಯಲ್ಲಿ ಸಿಕ್ಕವರನ್ನೂ ಮನಸಾರೆ ಬೈಯುವ ಹಬ್ಬ. ನಿಮ್ಮ ಮಕ್ಕಳು ಅಂದು ಕಲಿಯುವ ಕನ್ನಡವನ್ನು ಮೈಸೂರಿನ ಅಜ್ಜಿಯ ಮುಂದೆ ಆಡದಿದ್ದರೆ ಸಾಕು.)

ನನ್ನ ಸಲಹೆ ಜನವರಿ, ಫೆಬ್ರವರಿ. ಮಳೆ ಇಲ್ಲ, ಶಾಲೆ ಪೂರ್ತಿ ನಡೆಯುತ್ತಿರುತ್ತದೆ, ದಾರಿ ಒಣಗಿರುತ್ತದೆ. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದು ರೊಬಸ್ಟಾ ಕುಯ್ಲು ಜೋರಾಗುವ ಕಾಲ. ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ, ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳಲು ಶಾಲೆ ತಪ್ಪಿಸುವುದು ಈ ತಿಂಗಳುಗಳಲ್ಲೇ ಹೆಚ್ಚು. ಹೆಣ್ಣಾಳುಗಳು ಐವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೋಟದಲ್ಲಿ ಶಿಶುವಿಹಾರ ಇರಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಆದರೆ ಕೊಡಗಿನ ಹೆಚ್ಚಿನ ತೋಟಗಳು ಸಣ್ಣವು, ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹೀಗಾಗಿ ಸಹಾಯ ಬೇಕಾದ ಕಾಲ ಯಾವುದೆಂದು ಕೇಳಿದರೆ ಯಾವ ಕಾರ್ಯಕರ್ತೆಯಾದರೂ ಕುಯ್ಲಿನ ಕಾಲ ಎನ್ನುತ್ತಾಳೆ.

ಅದಕ್ಕೆ ನಿಮ್ಮ ಮಗಳ ಶಾಲೆಯಿಂದ ಅನುಮತಿ ಬೇಕು. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಡ್ಡಾಯ, ಮನೆಯಲ್ಲೇ ಕಲಿಸುತ್ತೇವೆ ಅಂದರೂ ಒಪ್ಪುವುದಿಲ್ಲ, ಹೇಳದೆ ಬಂದರೆ ದಂಡ ಬೀಳಬಹುದು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಕ್ರಿಸ್‌ಮಸ್ ರಜೆಯ ಜೊತೆಗೆ ಕೆಲವು ವಾರ ಸೇರಿಸಿ ಲಿಖಿತವಾಗಿ ಕೇಳಿ. ಕೊಟ್ಟಷ್ಟು ಬನ್ನಿ. ಕೊಡದಿದ್ದರೆ ನೀವೊಬ್ಬರೇ ಮಗನನ್ನು ಕರೆದುಕೊಂಡು ಬಂದು, ಅಪ್ಪ ಮಗಳು ರಜೆಯ ಎರಡು ವಾರ ಸೇರಿಕೊಳ್ಳಲಿ. ನಾಲ್ಕು ವರ್ಷದವನಿಗೆ ಆ ಕಟ್ಟಳೆ ಇನ್ನೂ ಇಲ್ಲ. ಅದೂ ಆಗದು ಎಂದಾದರೆ ಈ ಬಾರಿ ಸುಮ್ಮನೆ ನೆಂಟರ ಹಾಗೆ ಬಂದು ಹೋಗಿ, ಸೇವೆಯ ಮಾತು ಬೇಡ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ನಿಮಗೂ ಮಕ್ಕಳಿಗೂ ಒಸಿಐ ಇರುವುದರಿಂದ ವೀಸಾ ಚಿಂತೆ ಇಲ್ಲ. ಸಂಶೋಧನೆ, ಪತ್ರಿಕೋದ್ಯಮ, ಧರ್ಮಪ್ರಚಾರದಂಥದ್ದಕ್ಕೆ ಮಾತ್ರ ಬೇರೆ ಅನುಮತಿ ಬೇಕು. ನಿಮ್ಮವರು ಇ-ಟೂರಿಸ್ಟ್ ವೀಸಾದಲ್ಲಿ ಬಂದರೆ ಸಂಬಳ, ಭತ್ಯೆ ಯಾವುದೂ ಇಲ್ಲದ ಸ್ವಯಂಸೇವೆಗೆ ಗರಿಷ್ಠ ಒಂದು ತಿಂಗಳು ಅವಕಾಶ. ಅದಕ್ಕಿಂತ ಹೆಚ್ಚು ಬೇಕಾದರೆ ನೋಂದಾಯಿತ ಸಂಸ್ಥೆಯೊಂದರ ಮೂಲಕ ಬೇರೆ ಬಗೆಯ ವೀಸಾ ಮಾಡಿಸಬೇಕು, ಅದು ಉದ್ದದ ಕೆಲಸ. ಒಂದು ತಿಂಗಳು ಮರಗೆಲಸ, ಉಳಿದ ದಿನ ಮಕ್ಕಳನ್ನು ನೋಡಿಕೊಳ್ಳಲಿ. ಅದೇ ಸರಿಹೋಗುತ್ತದೆ ನೋಡಿ. ನೀವು ಉಳಿಯುವ ಹೋಂಸ್ಟೇಯವರು ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. 'ಆ ಫಾರಂ ಎಲ್ಲಾ ಯಾಕೆ ಬಿಡಿ' ಎನ್ನುವ ಕಡೆ ಉಳಿಯಬೇಡಿ. ಕುಶಾಲನಗರದಿಂದ ಹೊಳೆ ದಾಟಿದರೆ ಬೈಲಕುಪ್ಪೆ. ಟಿಬೆಟಿಯನ್ನರ ಆ ಶಿಬಿರದಲ್ಲಿ ಹಗಲು ದೇವಸ್ಥಾನ ನೋಡಿ ಬರಬಹುದು, ರಾತ್ರಿ ಉಳಿಯಲು ವಿದೇಶಿಯರಿಗೆ ಕೇಂದ್ರ ಗೃಹ ಸಚಿವಾಲಯದ ವಿಶೇಷ ಪರವಾನಗಿ ಬೇಕು. ಒಸಿಐ ಇದ್ದವರಿಗೂ ಅದು ಬೇಕು.

ಹಣ ಕೊಡುವ ಮನಸ್ಸಾದರೆ ಒಂದು ಎಚ್ಚರ. ನೀವೀಗ ವಿದೇಶಿ ಪ್ರಜೆ. ನಿಮ್ಮಿಂದ ದೇಣಿಗೆ ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇರಬೇಕು, ಹಣ ಅದಕ್ಕೆಂದೇ ಇರುವ ದೆಹಲಿಯ ಎಸ್‌ಬಿಐ ಖಾತೆಗೆ ಹೋಗಬೇಕು. 'ಕ್ಯಾಶ್ ಕೊಡಿ ಮೇಡಂ' ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಜರ್ಮನಿಯಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರಿಂದ ಕೇಳುವ ವಿಸ್ತೃತ ನಡತೆ ಪ್ರಮಾಣಪತ್ರವನ್ನು ಇಬ್ಬರೂ ಮಾಡಿಸಿ, ಇಂಗ್ಲಿಷ್ ಅನುವಾದದೊಂದಿಗೆ ತನ್ನಿ. ಇಲ್ಲಿ ಯಾರೂ ಕೇಳದಿರಬಹುದು. ಕೇಳದಿದ್ದರೂ ಕೊಡಿ.

ವಾಸಕ್ಕೆ ಪೊನ್ನಂಪೇಟೆ ಅಥವಾ ಗೋಣಿಕೊಪ್ಪ ಪೇಟೆಯ ಅಂಚಿನಲ್ಲಿ, ನಡೆದು ಹೋಗುವ ದೂರದಲ್ಲಿ ಡಾಕ್ಟರು, ಅಂಗಡಿ ಇರುವ ಕಡೆ ಮನೆ ನೋಡಿ. ತೋಟದ ನಡುವಿನ ಚೆಂದದ ಹೋಂಸ್ಟೇ ಎರಡು ದಿನಕ್ಕೆ ಸರಿ, ಎರಡು ತಿಂಗಳಿಗೆ ಅಲ್ಲ. ಕಾರಣ ಆನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಸುತ್ತ ಆನೆಗಳು ಹಗಲೆಲ್ಲ ಕಾಫಿ ಗಿಡದ ನಡುವೆಯೇ ನಿಂತಿರುತ್ತವೆ, ಮುಸ್ಸಂಜೆಗೆ ರಸ್ತೆ ದಾಟುತ್ತವೆ. ಬೆಳಗ್ಗೆ ಮಂಜು ಕರಗುವ ಮುನ್ನ, ಸಂಜೆ ಐದೂವರೆಯ ನಂತರ ಮಕ್ಕಳನ್ನು ಕರೆದುಕೊಂಡು ತೋಟದ ದಾರಿಯಲ್ಲಿ ನಡೆಯಲೇಬೇಡಿ. ಊರಿನವರು 'ಇವತ್ತು ಆ ಕಡೆ ಬೇಡ' ಅಂದರೆ ಕಾರಣ ಕೇಳುತ್ತಾ ನಿಲ್ಲಬೇಡಿ.

ಆರೋಗ್ಯದ ವಿಷಯಕ್ಕೆ ಹೊರಡುವ ಎರಡು ತಿಂಗಳು ಮೊದಲೇ ಅಲ್ಲಿನ ಪ್ರಯಾಣ ಲಸಿಕೆಯ ವೈದ್ಯರನ್ನು ನೋಡಿ. ಟೈಫಾಯಿಡ್, ಹೆಪಟೈಟಿಸ್ ಎ, ಮುಂಜಾಗ್ರತೆಯ ರೇಬೀಸ್ ಈ ಮೂರನ್ನು ಮರೆಯದೆ ಕೇಳಿ. ಜರ್ಮನಿಯಲ್ಲಿ ಬಿಸಿಜಿ, ಅಂದರೆ ಕ್ಷಯದ ಲಸಿಕೆ, ವಾಡಿಕೆಯಲ್ಲಿಲ್ಲ, ಅದರ ಬಗ್ಗೆಯೂ ಕೇಳಿ. ರೇಬೀಸ್ ಯಾಕೆಂದರೆ ನಾಯಿಮರಿ ಕಂಡರೆ ಎತ್ತಿಕೊಳ್ಳದ ನಾಲ್ಕು ವರ್ಷದ ಮಗು ಇನ್ನೂ ಹುಟ್ಟಿಲ್ಲ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಮೊದಲೇ ಲಸಿಕೆ ಆಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ದೊಡ್ಡ ತೊಂದರೆಗೆ ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಅದಕ್ಕೂ ಮೀರಿದರೆ ಮೈಸೂರು. ಜಿಲ್ಲೆಯಲ್ಲಿ ರೈಲೇ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿರಾಜಪೇಟೆ ಕಡೆಗೆ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ.

ಯಾರೂ ಹೇಳದ ಒಂದನ್ನು ನಾನು ಹೇಳುತ್ತೇನೆ: ಹೇನು ಹತ್ತುತ್ತದೆ. ಕಜ್ಜಿಯೂ ಆಗಬಹುದು. ಎಲ್ಲರ ಜೊತೆ ತಲೆಗೆ ತಲೆ ಕೊಟ್ಟು ಆಡಿದ ಮಕ್ಕಳಿಗೆ ಆಗುವುದೇ. ಔಷಧಿ ಇದೆ, ಸಣ್ಣ ಹಲ್ಲಿನ ಬಾಚಣಿಗೆ ಇದೆ, ವಾರದಲ್ಲಿ ಹೋಗುತ್ತದೆ. ಅದಕ್ಕಾಗಿ ಆಟ ನಿಲ್ಲಿಸಿ ಮಗುವನ್ನು ಒಳಗೆ ಕರೆದರೆ ಮಾತ್ರ ಊರೆಲ್ಲ ಗಮನಿಸುತ್ತದೆ.

ನಿಮ್ಮ ಮಕ್ಕಳ ಕೆನ್ನೆಗಳ ಬಗ್ಗೆಯೂ ಹೇಳಬೇಕು. ಬಸ್ಸಿನಲ್ಲಿ, ಸಂತೆಯಲ್ಲಿ, ಮಡಿಕೇರಿಯ ರಾಜಾಸೀಟಿನಲ್ಲಿ ಅವು ಗಿಂಡಿಸಿಕೊಳ್ಳುತ್ತವೆ. ಸೆಲ್ಫಿಗೆ ಎಳೆಯುತ್ತಾರೆ. 'ಬೇಡ ಆಂಟಿ' ಎಂದು ಕನ್ನಡದಲ್ಲಿ ಹೇಳುವುದನ್ನು ಇಬ್ಬರಿಗೂ ಮೊದಲೇ ಕಲಿಸಿ, ಅವರು ಹೇಳಿದಾಗ ನೀವು ಅವರ ಪರ ನಿಲ್ಲಿ, 'ಪರವಾಗಿಲ್ಲ ಬಿಡು, ಪಾಪ ಪ್ರೀತಿಗೆ' ಅನ್ನಬೇಡಿ. ಇದೇ ನಿಯಮ ನಿಮ್ಮ ಫೋನಿಗೂ ಅನ್ವಯ. ಹಾಡಿ, ಲೈನ್ ಮನೆ, ಅಂಗನವಾಡಿಯ ಯಾವ ಮಗುವಿನ ಫೋಟೋವೂ ಬೇಡ, ಫೇಸ್‌ಬುಕ್ಕಿಗೂ ಬೇಡ, ಅಜ್ಜಿಗೆ ಕಳಿಸಲಿಕ್ಕೂ ಬೇಡ.

ಮಕ್ಕಳ ದಿನಚರಿ ಸರಳವಾಗಿರಲಿ. ಬೆಳಗ್ಗೆ ಒಬ್ಬರು ಕೆಲಸಕ್ಕೆ, ಒಬ್ಬರು ಮಕ್ಕಳ ಜೊತೆ. ಮಧ್ಯಾಹ್ನ ಎಲ್ಲರೂ ಮನೆಯಲ್ಲಿ. ಮಕ್ಕಳನ್ನು ಸ್ವಯಂಸೇವಕರು ಅಂತ ಎಲ್ಲೂ ಪರಿಚಯಿಸಬೇಡಿ, ಅವರಿಗೊಂದು ಕೆಲಸ ಹಚ್ಚಬೇಡಿ. ಕಾರ್ಯಕರ್ತೆ, ಮೇಲ್ವಿಚಾರಕಿ ಒಪ್ಪಿದರೆ ಮಗ ಒಂದೆರಡು ಗಂಟೆ ಅಂಗನವಾಡಿಯಲ್ಲಿ ಕುಳಿತು ಆಡಲಿ, ನಿಮ್ಮಲ್ಲೊಬ್ಬರು ಜಗಲಿಯಲ್ಲಿರಿ. ಮಗಳು ಜರ್ಮನಿಯ ಪಾಠ ಬೆಳಗ್ಗೆ ಮುಗಿಸಿ, ಶಾಲೆ ಬಿಟ್ಟ ಮೇಲೆ ಮೈದಾನಕ್ಕೆ ಬರಲಿ. ಜನವರಿ 26ರ ಕಾರ್ಯಕ್ರಮಕ್ಕೆ ಹೆಡ್‌ಮಾಸ್ಟರು ಅವಳನ್ನು ಡ್ಯಾನ್ಸಿಗೆ ಸೇರಿಸಿಯೇ ಸೇರಿಸುತ್ತಾರೆ, ಸಿದ್ಧವಾಗಿರಿ. ಊಟದ ಚಿಂತೆ ನನಗಿಲ್ಲ. ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಲುಪುಟ್ಟು ತಿನ್ನದ ಮಗುವನ್ನು ನಾನು ಕಂಡಿಲ್ಲ, ಖಾರ ಒಂದು ಕಡಿಮೆ ಮಾಡಿಸಿ. ನೀರು ಕುದಿಸಿ ಕುಡಿಯಿರಿ. ಜನವರಿಯ ರಾತ್ರಿಗೆ ಸ್ವೆಟರ್ ಬೇಕು. ಇಂಡಿಯಾ ಅಂದರೆ ಸೆಕೆ ಎಂದುಕೊಂಡು ಬಂದ ನಿಮ್ಮವರು ಮಡಿಕೇರಿಯಲ್ಲಿ ಕಂಬಳಿ ಹುಡುಕುವಂತಾಗಬಾರದು.

ಏನು ತರಬೇಕು ಎಂದು ಕೇಳಿದ್ದೀರಿ. ಹಳೆ ಬಟ್ಟೆ, ಚಾಕೊಲೇಟ್, ಬಲೂನು, ಜರ್ಮನ್ ಆಟಿಕೆ ಯಾವುದೂ ಬೇಡ. ಇಪ್ಪತ್ತು ಮಕ್ಕಳಿರುವಲ್ಲಿ ಹನ್ನೆರಡು ಆಟಿಕೆ ಹಂಚಿ ಹೊರಟವರ ಹಿಂದೆ ನಡೆಯುವ ಜಗಳ ಬಿಡಿಸುವುದು ಸಹಾಯಕಿಯ ಪಾಲಿಗೆ ಬರುತ್ತದೆ. ನಿಮ್ಮವರು ಒಳ್ಳೆಯ ಉಳಿ, ಹಿಡಿಗರಗಸ, ಸ್ಕ್ರೂಗಳ ಪೆಟ್ಟಿಗೆ ತರಲಿ, ಉಳಿಯನ್ನು ಹೋಗುವಾಗ ಆಚಾರಿಗೆ ಕೊಟ್ಟು ಹೋಗಲಿ. ನೀವು ಬರಿಗೈಯಲ್ಲಿ ಬನ್ನಿ.

ಈಗ ಮಾಡಬೇಕಾದದ್ದು: ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಶಿಶು ಅಭಿವೃದ್ಧಿ ಯೋಜನಾಧಿಕಾರಿ ಇಬ್ಬರಿಗೂ ಒಂದೊಂದು ಪುಟದ ಪತ್ರ, ಕನ್ನಡದಲ್ಲಿ. ನೀವು ಯಾರು, ಏನು ಬರುತ್ತದೆ, ಯಾವ ವಾರದಿಂದ ಯಾವ ವಾರದವರೆಗೆ ಇರುತ್ತೀರಿ, ದಿನಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ ಇಷ್ಟೇ ಬರೆಯಿರಿ. 'ನಿಮಗೆ ಇದರಿಂದ ಉಪಯೋಗವಿದೆಯೇ, ಇಲ್ಲದಿದ್ದರೆ ಇಲ್ಲವೆಂದೇ ತಿಳಿಸಿ' ಎಂಬ ಸಾಲು ತಪ್ಪದೆ ಇರಲಿ. ದಸರಾ ರಜೆ ಮುಗಿದು ಕಚೇರಿಗಳು ತೆರೆದ ವಾರ ಕಳಿಸಿ. ಉತ್ತರ ಬರದಿದ್ದರೆ ಗಾಬರಿಯಾಗಬೇಡಿ, ಸರ್ಕಾರಿ ಕಚೇರಿಯಿಂದ ಒಂದೇ ಪತ್ರಕ್ಕೆ ಉತ್ತರ ಬರುವ ವಾಡಿಕೆ ಇಲ್ಲ. ಹದಿನೈದು ದಿನ ನೋಡಿ, ಮೈಸೂರಿನಲ್ಲಿರುವ ನಿಮ್ಮ ತಂದೆಯವರೋ ಅಣ್ಣನೋ ಇದ್ದರೆ ಒಂದು ಬೆಳಗ್ಗೆ ಬಸ್ಸು ಹತ್ತಿ ಪೊನ್ನಂಪೇಟೆಗೆ ಹೋಗಿ ಕೇಳಿ ಬರಲಿ. ಅವರು ಒಪ್ಪಿಗೆ ತಂದ ಮೇಲೆ ಟಿಕೆಟ್ ಮಾಡಿಸಿ, ಅಲ್ಲಿಯವರೆಗೆ ಬೇಡ.